ಲೆಕ್ಕ ಬಿಡಿಸಿಕೊಟ್ಟ ಅಪ್ಪ

ಲೆಕ್ಕದ ಮೇಷ್ಟ್ರಿಗೆ ಒಂದು ಚಟವಿತ್ತು. ಬೀಡಿಯದಲ್ಲ, ಇಸ್ಪೀಟಿನದೂ ಅಲ್ಲ. ಮಕ್ಕಳ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳುವ ಚಟ. ಸಂಜೆಯಾದರೆ ದರ್ಜಿ ಅಂಗಡಿಯ ಮೇಲಿನ ಅವರ ಮನೆಪಾಠದ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ವರ್ಗ ಸಮೀಕರಣದ ಎದುರು ಯಾರಾದರೂ ತುಸು ತಡವರಿಸಿದರೆ ಸಾಕು, ಮೇಷ್ಟ್ರ ಕೈ ತುರಿಸುತ್ತಿತ್ತು. "ಕೊಡಿಲ್ಲಿ" ಎಂದು ಪೆನ್ಸಿಲ್ ಕಸಿದು, ಕಣ್ಣು ಮಿಟುಕಿಸುವುದರೊಳಗೆ ಉತ್ತರದ ಕೆಳಗೆ ಗೆರೆ ಎಳೆದುಬಿಡುತ್ತಿದ್ದರು.

"ಗೊತ್ತಾಯ್ತಾ?"

"ಆಯ್ತು ಸಾರ್."

ಆಗದೆ ಏನು? ಪಕ್ಕದಲ್ಲಿ ಕೂತು ನೋಡುವವರಿಗೆ ಎಲ್ಲವೂ ನೀರು ಕುಡಿದಷ್ಟು ಸುಲಭ.

ಬೇರೆಯವರ ಮಕ್ಕಳು ಮನೆಗೆ ಹೋಗಿ ತಾವೇ ತಿಣುಕಿ ಹೇಗೋ ದಡ ಸೇರಿದರು. ಮೇಷ್ಟ್ರ ಮಗಳಿಗೆ ಆ ಭಾಗ್ಯವೂ ಇರಲಿಲ್ಲ. ತಿಂಡಿಯ ತಟ್ಟೆಯ ಪಕ್ಕದಲ್ಲೂ ಅಪ್ಪನೇ. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಕಲಿಯಬೇಕೆಂದು ಅವಳಿಗೆ ಚಿಕ್ಕಂದಿನಿಂದ ಆಸೆ. ಆ ಕಾಲೇಜು ಸೇರಲು ಗಣಿತ ಪಾಸಾಗಲೇಬೇಕಿತ್ತು. ಅವಳು ಗಣಿತದಲ್ಲೇ ಫೇಲಾದಳು.

"ಅಷ್ಟೊಂದು ಹೇಳ್ಕೊಟ್ಟಿದ್ನಲ್ಲೇ," ಎಂದರು ಮೇಷ್ಟ್ರು.

"ಹೇಳ್ಕೊಟ್ಟಿದ್ರಿ ಅಪ್ಪ. ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ತೋಚ್ಲಿಲ್ಲ. ಯಾವಾಗ್ಲೂ ನೀವೇ ಶುರು ಮಾಡ್ಬಿಡ್ತಿದ್ರಲ್ಲ."

ಅವಳು ಬೈದಿದ್ದರೆ ಮೇಷ್ಟ್ರು ಎದುರುತ್ತರ ಕೊಡಬಹುದಿತ್ತು.

ಮರುಪರೀಕ್ಷೆಗೆಂದು ಮಗಳು ಮಾರುಕಟ್ಟೆಯ ಆಚೆ ಪಾಠ ಹೇಳುವ ಒಬ್ಬ ಹೆಂಗಸಿನ ಬಳಿ ಹೋಗತೊಡಗಿದಳು. ಒಂದೇ ಲೆಕ್ಕಕ್ಕೆ ಇಡೀ ಸಂಜೆ ಕಳೆಯುವ ಆಕೆ ಮಕ್ಕಳ ಬಾಯಲ್ಲಿ ಆಮೆ ಟೀಚರ್. ಆ ಹೆಸರಿಗೆ ಮೇಷ್ಟ್ರೂ ಹಿಂದೆ ಹೊಟ್ಟೆ ತುಂಬ ನಕ್ಕವರೇ.

ಒಂದು ಸಂಜೆ ಮಗಳನ್ನು ಕರೆತರಲು ಹೋದವರು ಆ ಮನೆಯ ಕಿಟಕಿಯ ಹೊರಗೇ ನಿಂತುಬಿಟ್ಟರು. ಒಳಗೆ ಚೌಕ ಹಾಳೆಯ ನಾಲ್ಕು ಮೂಲೆಗಳಿಂದ ಚೌಕ ತುಂಡು ಕತ್ತರಿಸಿ, ಅಂಚು ಮಡಚಿ, ಅತಿ ಹೆಚ್ಚು ಸಾಮಾನು ಹಿಡಿಯುವ ಪೆಟ್ಟಿಗೆ ಮಾಡುವ ಲೆಕ್ಕ ನಡೆದಿತ್ತು. ಎಷ್ಟು ಕತ್ತರಿಸಬೇಕೆಂಬುದಕ್ಕೆ ಕಲನಶಾಸ್ತ್ರದಲ್ಲಿ ಎರಡು ಉತ್ತರ ಬರುತ್ತವೆ: ಹಾಳೆಯ ಅಂಚಿನ ಆರನೇ ಒಂದು ಭಾಗ, ಇಲ್ಲವೇ ಅರ್ಧ. ಒಂದನ್ನು ಹೊಡೆದುಹಾಕಬೇಕು. ಮೇಷ್ಟ್ರು ಮಗಳ ಕಣ್ಣೆದುರು ಎಷ್ಟೋ ಸಲ ಹೊಡೆದುಹಾಕಿದ್ದರು. ಯಾಕೆಂದು ಅವಳು ಕೇಳುವಷ್ಟು ಪುರುಸೊತ್ತು ಕೊಟ್ಟಿರಲಿಲ್ಲ.

ಮಗಳು ಬರೆದಳು, ಅಳಿಸಿದಳು, ಮತ್ತೆ ತಪ್ಪಿದಳು. ಟೀಚರ್ ಸುಮ್ಮನೆ ಬಟ್ಟೆ ಮಡಚುತ್ತಿದ್ದರು. ಕೊನೆಗೆ ಮಗಳು ಕತ್ತರಿ ತೆಗೆದುಕೊಂಡು ನಿಜವಾಗಿಯೇ ಒಂದು ಹಾಳೆ ಕತ್ತರಿಸಿದಳು.

"ಅಯ್ಯೋ ಟೀಚರ್, ಅರ್ಧಕ್ಕೆ ಕತ್ತರಿಸಿದ್ರೆ ಹಾಳೆನೇ ಉಳಿಯಲ್ಲ, ಇನ್ನು ಪೆಟ್ಟಿಗೆ ಎಲ್ಲಿಂದ?" ಎಂದು ಬಿದ್ದು ಬಿದ್ದು ನಕ್ಕಳು.

ಲೆಕ್ಕದ ಮುಂದೆ ಕೂತು ಮಗಳು ನಕ್ಕಿದ್ದನ್ನು ಮೇಷ್ಟ್ರು ತಮ್ಮ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವರಿಗೆ ತುಂಬ ನೋವಾಯಿತು.

ಹೊರಗೆ ಬಂದ ಮಗಳು ಅಪ್ಪನನ್ನು ಕಂಡೊಡನೆ ಕೈಯಲ್ಲಿದ್ದ ಹಾಳೆಯನ್ನು ಗಡಿಬಿಡಿಯಲ್ಲಿ ಚೀಲದೊಳಗೆ ತುರುಕಿದಳು.

"ಉತ್ತರ ಬಂತೇನಮ್ಮ?"

"ಬಂತಪ್ಪ," ಎಂದವಳು ಚೀಲವನ್ನು ಇನ್ನೊಂದು ಹೆಗಲಿಗೆ, ಅಪ್ಪನ ಕೈಗೆ ಸಿಗದ ಕಡೆಗೆ, ಹಾಕಿಕೊಂಡಳು.