ಗಿರಿಜಾ ಬಿಗಿದ ಗಂಟು

ಗೆಳೆಯರೇ, ಖುಷಿ ತಡೆಯಲಾಗದೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ.

ಒಂಬತ್ತು ತಿಂಗಳ ಬಸುರಿಯಾದ ನನ್ನ ಮಗಳು ಚೈತ್ರಾಗೆ ಇಂದು ಬೆಳಿಗ್ಗೆ ಸೊಂಟ, ತೊಡೆಸಂದುಗಳಲ್ಲಿ ವಿಪರೀತ ನೋವು. ಸಕಲೇಶಪುರದಲ್ಲಿ ತಪಾಸಣೆಯಿತ್ತು. ಜೀಪು ನಿಂತಿದ್ದ ರಸ್ತೆಗೆ ಮನೆಯಿಂದ ಇಪ್ಪತ್ತು ಮೆಟ್ಟಿಲು ಇಳಿಯಬೇಕು. ಎರಡನೆಯದಕ್ಕೇ ಅವಳು ಗೋಡೆ ಹಿಡಿದು ಅಳತೊಡಗಿದಳು. "ಅಮ್ಮ, ಮೂಳೆ ಬಿಚ್ಕೊಂಡಂಗೆ ಆಗ್ತೈತೆ."

ನಮ್ಮ ತೋಟದಲ್ಲಿ ಕೆಲಸ ಮಾಡುವ ಗಿರಿಜಾ ಹಳೇ ಸೀರೆಯೊಂದನ್ನು ಮಡಚುತ್ತಾ ಬಂದಳು. ಕಾಫಿ ಮೂಟೆ ಹೊರುವಾಗ ಅವಳು ಸೊಂಟಕ್ಕೆ ಬಿಗಿಯುವುದು ಅದನ್ನೇ.

ನಮ್ಮತ್ತೆ ಅಡ್ಡ ನಿಂತರು. "ತಲೆ ಕೆಟ್ಟೈತೇನೇ? ಸೊಂಟ ಕಟ್ಟೋದು ಬಾಣಂತಿಗೆ ಕಣೇ. ಬಸುರಿ ಹೊಟ್ಟೆ ಬಿಗಿದ್ರೆ ಕೂಸಿನ ಗತಿ?"

"ಹೊಟ್ಟೆಗಲ್ಲ ಅಮ್ಮಾರೇ, ಅದ್ರ ಕೆಳಗೆ, ಮೂಳೆಗೆ. ಎರಡು ಬಸುರಲ್ಲೂ ಹಿಂಗೇ ಕಟ್ಕಂಡು ಹಣ್ಣು ಕುಯ್ದಿದ್ದೀನಿ. ಆ ಎರಡು ಮಕ್ಳೂ ಈಗ ನಂಗೇ ಜೋರು ಮಾಡ್ತಾವೆ!"

"ಕಟ್ಟು ಗಿರಿಜಕ್ಕ," ಎಂದು ಚೈತ್ರಾ ತಾನೇ ಕೈಯೆತ್ತಿ ನಿಂತಳು.

ಸೀರೆ ಸುತ್ತಿ ಗಂಟು ಬಿದ್ದ ಮೇಲೆ ಒಂದು ಮೆಟ್ಟಿಲು ಇಳಿದಳು, ಆಮೇಲೆ ಇನ್ನೊಂದು. ನೋವು ಹೋಗಿರಲಿಲ್ಲ, ಆದರೆ ಕಾಲು ಮಾತು ಕೇಳುತ್ತಿತ್ತು. ಇಪ್ಪತ್ತೂ ಇಳಿದಾಗ ನಾನು ರಸ್ತೆಯಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ!

ಡಾಕ್ಟರು ಪರೀಕ್ಷಿಸಿ ಮಗು ಚೆನ್ನಾಗಿದೆ ಎಂದರು. ಆಮೇಲೆ ಸೀರೆಯ ಗಂಟು ನೋಡಿ, "ಇಂಥ ನೋವಿಗೆ ನಾವು ಬೆಲ್ಟ್ ಹಾಕಿಸೋದೂ ಇದೇ ಜಾಗಕ್ಕೆ. ಯಾರು ಕಟ್ಟಿದ್ದು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ, ಜೊತೆಗೆ ಬಂದಿದ್ದ ಅತ್ತೆ ಹೇಳಿದರು: "ನಮ್ಮನೇಲಿ ಮೊದ್ಲಿಂದ್ಲೂ ಹಿಂಗೇ ಕಣ್ರೀ ಡಾಕ್ಟ್ರೇ."

ಮೊದಲಿನಿಂದ ಎಂದರೆ, ಇಂದು ಬೆಳಿಗ್ಗೆ ಒಂಬತ್ತೂವರೆಯಿಂದ.