ಹಾಡಿನ ಕೊನೆಯಲ್ಲಿ ನಿಂತ ಅಣ್ಣ

ಮೊನ್ನೆ ಚಿಕ್ಕೋಡಿಯಲ್ಲಿ ನಿಪ್ಪಾಣಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂದು ಕಾಲು ಚಾಚುವಷ್ಟರಲ್ಲಿ ಹಿಂದಿನ ಸೀಟಿನವರು ತಪಕೀರಿನ ಡಬ್ಬಿ ತೆರೆದರು. ಬಸ್ಸಿನಲ್ಲಿ ಬೀಡಿ ಸೇದಬಾರದು ಎಂದು ಬರೆದಿರುತ್ತಾರೆ. ನಶ್ಯ ಏರಿಸಬಾರದು ಎಂದು ಯಾರೂ ಬರೆದಿಲ್ಲ. ತಂಬಾಕಿನ ಖಾರ ಮೂಗಿಗೆ ಬಡಿದು ಸೀನಿದೆ. ಸೀನಿದ ಕೂಡಲೇ ನಮ್ಮೂರು ಜುಗೂಳದ ಲಾಲಸಾಬಜ್ಜ ನೆನಪಾದರು. ಅದೇ ಹೊತ್ತಿಗೆ ಮುಂದಿನ ಸೀಟಿನಲ್ಲಿದ್ದ ಹುಡುಗಿ ತೊಡೆಯ ಮೇಲಿನ ಕೂಸಿಗೆ ಹಾಡತೊಡಗಿದಳು:

ಹೊಳಿ ತುಂಬಿ ಹರದೀತ, ಹರಗೋಲ ನಿಂತೀತ
ಕಳಿಗುಂದಬ್ಯಾಡ ನನ ಜೀವ, ದಂಡ್ಯಾಗ
ಬೆಳಕ ಹಿಡಕೊಂಡಾನ…

ಅಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಕೊನೆಯಲ್ಲಿ ಬರಬೇಕಾದ ಹೆಸರು ನನಗೆ ಕೇಳಿಸಲಿಲ್ಲ.

ನಿಮಗೆ ಈ ಕಡೆಯ ರೂಢಿ ಗೊತ್ತಿಲ್ಲದಿದ್ದರೆ ಹೇಳಬೇಕು. ನಮ್ಮ ಊರುಗಳಲ್ಲಿ ಹೆಣ್ಣುಮಕ್ಕಳು ಈ ಹಾಡನ್ನು ಹೇಳುವಾಗ ಕೊನೆಯ ಜಾಗದಲ್ಲಿ ತಮ್ಮ ಅಣ್ಣನ ಹೆಸರು ಹಾಕುತ್ತಾರೆ. ಅಣ್ಣಂದಿರು ಎಷ್ಟು ಜನವೋ ಅಷ್ಟು ಸಲ ಹಾಡುತ್ತಾರೆ. ನಾಲ್ವರು ಅಣ್ಣಂದಿರಿದ್ದವಳು ಹಾಡತೊಡಗಿದರೆ ಉಳಿದವರು ಎಲೆ ಅಡಿಕೆಗೆ ಕೈ ಹಾಕುತ್ತಾರೆ. ನನ್ನ ಅವ್ವನಿಗಿದ್ದದ್ದು ಒಬ್ಬನೇ ಅಣ್ಣ, ಮಲ್ಲಣ್ಣ. ಆದ್ದರಿಂದ ನಮ್ಮ ಮನೆಯಲ್ಲಿ ಈ ಹಾಡು ಬೇಗ ಮುಗಿಯುತ್ತಿತ್ತು.

ಅವ್ವನಿಗೆ ಇದು ಅವಳ ಅವ್ವನಿಂದ ಬಂದದ್ದು. ಬೀಸುವ ಕಲ್ಲಿನ ಮುಂದೆ ಬಂದದ್ದು. ಊರಿಗೆ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಹಾಡು ಮಾತ್ರ ಅವ್ವನ ಜೊತೆ ಕಾಗವಾಡದ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಯಿತು. ದ್ರಾಕ್ಷಿ ಕೀಳುವ ಗುಂಪಿನಲ್ಲಿ ಆಚೆ ಸಾಲಿನವಳು ಹಾಡಿದರೆ ಈಚೆ ಸಾಲಿನವಳು ಕಲಿಯುತ್ತಾಳೆ. ಆ ಕೂಲಿಯಲ್ಲಿ ನಾನು ಬಿ.ಎ. ಮಾಡಿದೆ. ನಮ್ಮ ಮನೆತನದಲ್ಲಿ ಮೊದಲನೆಯವನು. ಈ ಮಾತನ್ನು ಎಲ್ಲಿ ಬೇಕೋ ಎಲ್ಲಿ ಬೇಡವೋ ಅಲ್ಲೆಲ್ಲ ಹೇಳುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ಇಲ್ಲಿಯೂ ಹೇಳಿಯಾಯಿತು.

ಮಾಸ್ತರನಾಗಿ ನೌಕರಿ ಹಿಡಿದ ಹೊಸದು, ಈ ಶತಮಾನದ ಆರಂಭದ ವರ್ಷಗಳು. ಲಾಲಸಾಬಜ್ಜ ಆಗಲೇ ತೊಂಬತ್ತರ ಹತ್ತಿರ ಇದ್ದರು. ಊರವರು ಅವರನ್ನು ಸಿನೆಮಾ ಅಜ್ಜ ಎನ್ನುತ್ತಿದ್ದರು. ಅರ್ಧ ಗೌರವ, ಅರ್ಧ ಚೇಷ್ಟೆ. ಮಾತಾಡುವ ಸಿನೆಮಾ ಹೊಸದಾಗಿ ಬಂದ ಕಾಲದಲ್ಲಿ ಅಜ್ಜ ಕೊಲ್ಲಾಪುರದ ಒಂದು ಸ್ಟುಡಿಯೋದಲ್ಲಿ ಹಾಡು ಬರೆಯುವ ಕೆಲಸಕ್ಕಿದ್ದರು. ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದರಂತೆ. ಟಾಕಿ ಬಂತು, ಕಂಪನಿ ಒಡೆಯಿತು, ಅರ್ಧ ಜನ ಸ್ಟುಡಿಯೋ ಬಾಗಿಲಲ್ಲಿ ನಿಂತರು.

ಹಾಡು ಬರೆಯುವುದೆಂದರೆ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಅಜ್ಜ ನಕ್ಕುಬಿಟ್ಟರು.

“ಕವಿ ಅಂದ್ರ ಗಿಡದ ಬುಡಕ ಕುಂತು ಆಕಾಶ ನೋಡತಾನಂತ ಮಾಡಿಯೇನ ಮಾಸ್ತರ? ಬಡಿಗ್ಯಾರ ಜೋಡಿ ಒಂದ ಕಟ್ಟಿಗಿ ಬಾಕಿನ ಮ್ಯಾಲ ಕುಂದರಸತಿದ್ರು. ಪೇಟಿ ಮಾಸ್ತರ ಧಾಟಿ ಬಾರಿಸಾಂವ. ನಾ ಅದಕ್ಕ ಮಾತ ತುಂಬಾಂವ. ಅತ್ಲಾಗ ಅವರು ಕಿಡಕಿ ಮಾಡತಿದ್ರು, ಇತ್ಲಾಗ ನಾ ಹಾಡ ಮಾಡತಿದ್ದೆ.”

ಸಿನೆಮಾ ಮರಾಠಿಯದು. ಅಜ್ಜನ ಪದ್ಧತಿ ವಿಚಿತ್ರವಾಗಿತ್ತು. ಹಾರ್ಮೋನಿಯಂ ಧಾಟಿ ಕೇಳಿದ ಕೂಡಲೇ ಮೊದಲು ಕನ್ನಡ ಮಾತು ತುಂಬಿಬಿಡುತ್ತಿದ್ದರು. ಅಳತೆ ಕೂತಿತೆಂದು ಖಾತ್ರಿಯಾದ ಮೇಲೆ ಒಂದೊಂದೇ ಮಾತು ತೆಗೆದು ಆ ಜಾಗದಲ್ಲಿ ಮರಾಠಿ ಇಡುತ್ತಿದ್ದರು.

“ಕನ್ನಡ ಯಾಕ್ರಿ ಅಜ್ಜಾ ನಡುವ?”

“ಪೇಟಿ ಮಾಸ್ತರಗ ಕನ್ನಡ ಬರತಿದ್ದಿಲ್ಲ. ಅರ್ಥದ ಮ್ಯಾಲ ತಕರಾರ ತಗೀತಿದ್ದಿಲ್ಲ!”

ಹಾಡನ್ನು ಕ್ಯಾಮೆರಾದ ಮುಂದೆಯೇ ಹಾಡಬೇಕಿತ್ತಂತೆ. ಮೈಕು ಗಿಡದ ಟೊಂಗೆಯಲ್ಲಿ ಅಡಗಿಸಿ, ತಬಲಾದವನನ್ನು ಪೊದೆಯ ಹಿಂದೆ ಕೂರಿಸಿ. ಕಾಗೆ ಒದರಿದರೆ ಮತ್ತೆ ಮೊದಲಿನಿಂದ. ಕಾಗೆ ಓಡಿಸುವುದಕ್ಕೇ ಒಬ್ಬ ಆಳು ಇದ್ದ, ಅವನಿಗೆ ತನಗಿಂತ ಹೆಚ್ಚಿನ ಮರ್ಯಾದೆ ಇತ್ತು ಎಂದು ಅಜ್ಜ ಹೇಳುತ್ತಿದ್ದರು. ಬೆಳ್ಳಿಪರದೆಯ ಮೇಲೆ ಕಂಪನಿಯ ದೊಡ್ಡ ಕವಿಯ ಹೆಸರೊಂದೇ ಬರುತ್ತಿತ್ತು. ಬಾಕಿನ ಮೇಲೆ ಕೂತವರದು ಬರುತ್ತಿರಲಿಲ್ಲ. ಆಮೇಲೆ ಒಬ್ಬರು ಹಾಡಿ ಇನ್ನೊಬ್ಬರು ಬಾಯಿ ಆಡಿಸುವ ಕಾಲ ಬಂತು. ಮುಂಬಯಿಯಿಂದ ಹೊಸ ಜನ ಬಂದರು. ಅಜ್ಜ ಮಿರಜದ ಮೇಲೆ ಹಾಯ್ದು ಜುಗೂಳಕ್ಕೆ ವಾಪಸಾದರು. ಮುಂದೆ ಜೀವನವಿಡೀ ಅವರು ಬರೆದದ್ದು ಮದುಮಕ್ಕಳಿಗೆ ಒಡಪು. ಗಂಡನ ಹೆಸರು ಸೇರಿಸಿ ಹೇಳುವ ಆ ಎರಡು ಸಾಲು. ಸುತ್ತಲಿನ ಊರಿನ ಎಷ್ಟೋ ಗಂಡಂದಿರ ಹೆಸರಿಗೆ ಪ್ರಾಸ ಹುಡುಕಿದವರು ಅವರೇ.

ಊರಿನ ತರುಣ ಮಂಡಳದವರು ಅಜ್ಜನಿಗೆ ಸತ್ಕಾರ ಇಟ್ಟುಕೊಂಡರು. ಪರಿಚಯ ಮಾಡಿಕೊಡುವ ಕೆಲಸ ನನಗೆ ಬಂತು. ಡಿಗ್ರಿಯವನಲ್ಲವೇ. ಅವರ ಬಾಳಿನ ವಿವರ ಕೇಳಿ ಬರೆದುಕೊಳ್ಳಲು ಹೋದಾಗ ಅಜ್ಜ ತಪಕೀರು ಏರಿಸಿ, ಸೀನಿ, ಕಣ್ಣೊರೆಸಿಕೊಂಡು ಅಂದರು:

“ಶಾಲು ಬ್ಯಾಡ, ಹಾರ ಬ್ಯಾಡ. ಒಂದ ಹಾಡ. ‘ಹೊಳಿ ತುಂಬಿ ಹರದೀತ.’ ಅದು ಲಾಲಸಾಬಂದು ಅಂತ ಮೈಕಿನ್ಯಾಗ ಹೇಳಿಬಿಡು. ಸಿನೆಮಾದಾಗ ಮರಾಠಿ ಹೋತು, ಕನ್ನಡದ್ದು ಊರಿಗೆ ಬಂದಾಗ ಹೆಣಮಕ್ಕಳ ಮುಂದ ಹಾಡಿದ್ದೆ. ಅವರ ಬಾಯಾಗ ಉಳದೈತಿ. ನನ್ನ ಹೆಸರ ಮಾತ್ರ ಎಲ್ಲೂ ಉಳದಿಲ್ಲ.”

ನಾನು ಸಂತೋಷದಿಂದ ಓಡಿ ಬಂದು ಅವ್ವನಿಗೆ ಹೇಳಿದೆ. ಅವ್ವ ಜೋಳ ಹಸನ ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

“ಅಂವಂದು? ನಮ್ಮವ್ವ ಬೀಸೂಮುಂದ ಹಾಡತಿದ್ಲು. ಅಕಿಗೆ ಅಕಿ ಅವ್ವ ಕಲಿಸಿದ್ಲು. ಆವಾಗ ಸಿನೆಮಾ ಎಲ್ಲಿತ್ತೋ?”

“ಅಜ್ಜ ಹೇಳ್ಯಾರಬೇ.”

“ಅಜ್ಜ ಹೇಳ್ಯಾರ! ನಮ್ಮವ್ವಂದು ಒಂದ ಸೀರಿ ಉಳದಿಲ್ಲ, ಒಂದ ಫೋಟೋ ಇಲ್ಲ. ಇರೂದು ಇದೊಂದ. ಇದನ್ನೂ ಕಸಗೊಂಡು ಅಜ್ಜಗ ಕೊಡೂದ ಕಲಿಸ್ಯಾರೇನ ನಿನಗ ಬಿ.ಎ.ದಾಗ?”

ನನ್ನ ತಲೆ ಕೆಟ್ಟು ಹೋಯಿತು. ಓದಿದವನು ಸಾಕ್ಷಿ ಹುಡುಕಬೇಕು ಎಂದು ಕೊಲ್ಲಾಪುರಕ್ಕೆ ಹೋಗಿ ಬಂದೆ. ಸ್ಟುಡಿಯೋ ಇದ್ದ ಜಾಗವೆಂದು ಇಬ್ಬರು ಎರಡು ಬೇರೆ ಜಾಗ ತೋರಿಸಿದರು. ಆ ಸಿನೆಮಾದ ರೀಲು ಉಳಿದಿಲ್ಲ ಎಂದರು ಒಬ್ಬರು. ಅಂಥ ಸಿನೆಮಾ ಬಂದೇ ಇರಲಿಲ್ಲ ಎಂದರು ಇನ್ನೊಬ್ಬರು. ಮರಳಿ ಅಜ್ಜನನ್ನು ಕೇಳಿದೆ: ಎಲ್ಲಿ ಕೂತು ಬರೆದಿರಿ? ಸ್ಟುಡಿಯೋದ ಬಾಕಿನ ಮೇಲೆ ಎಂದರು. ಮರುವಾರ ಕೇಳಿದರೆ, ಮಿರಜ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಎಂದರು. ಇನ್ನೊಂದು ದಿನ ತಾವಾಗಿಯೇ, “ನಮ್ಮವ್ವನೂ ಬೀಸೂಮುಂದ ಹಿಂತಾದ ಏನೋ ಒಂದ ಹಾಡತಿದ್ಲ ನೋಡು” ಅಂದರು. ಆ “ಹಿಂತಾದ ಏನೋ ಒಂದ” ನನಗೆ ಎರಡು ರಾತ್ರಿ ನಿದ್ದೆ ಕೊಡಲಿಲ್ಲ. ಹಾಡು ಕಲ್ಲಿನಿಂದ ಸಿನೆಮಾಕ್ಕೆ ಹೋಯಿತೋ, ಸಿನೆಮಾದಿಂದ ಕಲ್ಲಿಗೆ ಬಂತೋ? ಅಜ್ಜನದೆಂದರೆ ಅವ್ವನ ಕೈ ಖಾಲಿ. ಅವ್ವನದೆಂದರೆ ಅಜ್ಜ ಜೀವಮಾನದಲ್ಲಿ ಕೇಳಿದ ಒಂದೇ ಒಂದು ವಸ್ತುವನ್ನು ಇಲ್ಲವೆಂದಂತೆ. ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಮುಂದಿನ ಪ್ರಶ್ನೆಗೆ ಹೋಗಬಹುದಿತ್ತು. ಇಲ್ಲಿ ಇದ್ದದ್ದೇ ಒಂದು ಪ್ರಶ್ನೆ.

ಸತ್ಕಾರದ ದಿನ ಶಾಲೆಯ ಮುಂದೆ ಪೆಂಡಾಲು. ಮುಂದೆ ಗಂಡಸರು, ಒಂದು ಬದಿಗೆ ಹೆಂಗಸರು, ಅವರಲ್ಲಿ ಅವ್ವ. ನಾನು ಮೈಕಿನ ಮುಂದೆ ನಿಂತು ಅಜ್ಜನ ಬಾಳಿನ ಕತೆಯೆಲ್ಲ ಹೇಳಿ, ಕೊನೆಗೆ ಕಾಲೇಜು ನನಗೆ ಕಲಿಸಿದ ಅತಿ ದೊಡ್ಡ ವಿದ್ಯೆಯನ್ನು ಹೊರತೆಗೆದೆ: “‘ಹೊಳಿ ತುಂಬಿ ಹರದೀತ’ ಹಾಡು ಇವರದೇ ಎಂದು ಹೇಳಲಾಗುತ್ತದೆ.”

ಕುರ್ಚಿಯಲ್ಲಿದ್ದ ಅಜ್ಜ ಕೈ ಎತ್ತಿದರು. “ಯಾರ ಹೇಳಾಕತ್ತಾರೋ ಮಾಸ್ತರ? ನಾ ಒಬ್ಬಾಂವ ಹೇಳಾಕತ್ತೇನಿ.”

ಪೆಂಡಾಲು ಗೊಳ್ಳೆಂದು ನಕ್ಕಿತು. ಅಜ್ಜ ನಗಲಿಲ್ಲ. ನಾನು ಹಾಳೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಆಗ ಹೆಂಗಸರ ನಡುವಿನಿಂದ ಅವ್ವ ಎದ್ದಳು. ಇಲ್ಲಿಗೆ ಮುಗಿಯಿತು ನನ್ನ ಮಾನ ಎಂದುಕೊಂಡೆ. ಅವಳು ಜಗಳ ತೆಗೆಯಲಿಲ್ಲ, ಮೈಕಿನ ಹತ್ತಿರವೂ ಬರಲಿಲ್ಲ. ನಿಂತಲ್ಲೇ ಸೆರಗು ಹೊದ್ದು ಹಾಡಿದಳು. ಹೊಳಿ ತುಂಬಿತು, ಹರಗೋಲು ನಿಂತಿತು, ದಂಡೆಯಲ್ಲಿ ಬೆಳಕು ಹಿಡಿದು ಮಲ್ಲಣ್ಣ ನಿಂತ. ಸರಿ, ಹಾಡು ಅವಳದಾಯಿತು ಎಂದುಕೊಂಡೆ. ಆದರೆ ಅವ್ವ ಕೂರಲಿಲ್ಲ. ಎಂದೂ ಒಂದೇ ಸಲ ಹಾಡುತ್ತಿದ್ದವಳು ಮತ್ತೆ ಮೊದಲಿನಿಂದ ಎತ್ತಿದಳು. ಈ ಸಲ ದಂಡೆಯಲ್ಲಿ ಬೆಳಕು ಹಿಡಿದು ನಿಂತವನು ಲಾಲಣ್ಣ.

ಅಜ್ಜ ತಪಕೀರಿನ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಕೊನೆಗೆ ಅಂದರು:

“‘ಜೀವ’ ಅನ್ನೂಮುಂದ ಇನ್ನಷ್ಟ ಎಳೀಬೇಕಿತ್ತವಾ.”

“ನಮ್ಮವ್ವ ಹಿಂಗ ಹಾಡತಿದ್ಲು ಕಾಕಾ.”

ಅಜ್ಜ ಡಬ್ಬಿಯನ್ನು ಜೇಬಿಗೆ ಹಾಕಿದರು. “ಹಂಗಾರ ಹಂಗ ಖರೆ ಇರಬೇಕ” ಅಂದರು. ಕಣ್ಣು ಒರೆಸಿಕೊಂಡರು. ಆ ಹೊತ್ತು ಅವರು ತಪಕೀರು ಏರಿಸಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ಬಿಡಲಿಲ್ಲ. “ಯಾಕಬೇ ಅಜ್ಜನ ಹೆಸರ ಹಾಕಿದಿ?”

“ಅಂವಗ ಅಕ್ಕತಂಗೇರ ಯಾರೂ ಇದ್ದಿಲ್ಲಪಾ. ಹೆಸರ ಹಾಡವ್ರು ಯಾರು?”

“ನಿಮ್ಮಪ್ಪನ ವಾರಿಗಿಯವರು ಅವರು. ಅಣ್ಣ ಹ್ಯಾಂಗ ಆಗತಾರ?”

“ಹಾಡಿನ್ಯಾಗ ಎಲ್ಲಾರೂ ಅಣ್ಣಂದಿರ.”

“ಅಂದ್ರ ಹಾಡ ಅವರದಂತ ಒಪ್ಪಿದಿ?”

“ಹಾಡ ನಮ್ಮವ್ವಂದು. ಹೆಸರ ಅಂವಂದು. ಇದರಾಗ ತಿಳೀದೇನೈತೋ?”

ನನಗೆ ತಿಳಿಯಲಿಲ್ಲ. ಅಜ್ಜ ಮುಂದಿನ ಮಳೆಗಾಲ ನೋಡಲಿಲ್ಲ. ಅವ್ವನೂ ಈಗ ಇಲ್ಲ. ಆ ಸತ್ಕಾರದ ನಂತರ ಇದ್ದಷ್ಟು ದಿನ ದ್ರಾಕ್ಷಿ ತೋಟದಲ್ಲಿ ಎರಡೆರಡು ಸಲ ಹಾಡುತ್ತಿದ್ದಳು ಎಂದು ಅವಳ ಜೊತೆಯವರು ಹೇಳಿದ್ದುಂಟು. ಅಜ್ಜ ಆ ದಿನ ತಿದ್ದಿದ್ದು ಹಾಡು ಕಟ್ಟಿದವರು ತಿದ್ದುವ ಹಾಗಿತ್ತು. ಬಿಟ್ಟುಕೊಟ್ಟದ್ದು ಕದ್ದವರು ಬಿಟ್ಟುಕೊಡುವ ಹಾಗಿತ್ತೋ, ದೊಡ್ಡವರು ಬಿಟ್ಟುಕೊಡುವ ಹಾಗಿತ್ತೋ? ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಇದೊಂದನ್ನು ಬಗೆಹರಿಸಲಾಗಿಲ್ಲ.

ಇತ್ತ ಬಸ್ಸು ಟ್ರ್ಯಾಕ್ಟರನ್ನು ದಾಟಿತು. ಕೂಸು ಇನ್ನೂ ಕಣ್ಣು ಮುಚ್ಚಿರಲಿಲ್ಲ. ಹುಡುಗಿ ಮತ್ತೆ ಹಾಡಿದಳು. ಈ ಸಲ ಹಾರ್ನ್ ಇರಲಿಲ್ಲ. ಬೆಳಕ ಹಿಡಕೊಂಡಾನ ಸಂತೋಷಣ್ಣ. ಆಮೇಲೆ ಮತ್ತೊಂದು ಸಲ. ಬೆಳಕ ಹಿಡಕೊಂಡಾನ ಲಾಲಣ್ಣ.

ನಾನು ಸೀಟಿನ ಸರಳು ಹಿಡಿದು ಮುಂದೆ ಬಾಗಿದೆ. “ಯಾವೂರವಾ ನಿಮ್ಮದು?”

“ತವರು ಬೋರಗಾಂವ್ರಿ.”

“ಅಣ್ಣಂದಿರು ಇಬ್ಬರೇನು?”

“ಇಲ್ರಿ, ಒಬ್ಬನ. ಸಂತೋಷಣ್ಣ.”

“ಮತ್ತ ಈ ಲಾಲಣ್ಣ?”

ಅವಳಿಗೆ ನಗು ಬಂತು. “ಗೊತ್ತಿಲ್ರಿ ಕಾಕಾ. ನಮ್ಮವ್ವ ಕಾಗವಾಡ ಕಡೆ ದ್ರಾಕ್ಷಿ ಹರಿಯಾಕ ಹೋಗತಿದ್ಲು, ಅಲ್ಲೆ ಕಲತಾಳು. ತನ್ನ ಅಣ್ಣನ ಹೆಸರಾದ ಮ್ಯಾಲ ಇದೊಂದ ಹಾಡಬೇಕು ಅಂತಿದ್ಲು. ಯಾರೋ ಎಲ್ಲಾರಕಿಂತ ದೊಡ್ಡ ಅಣ್ಣ ಇರಬೇಕ್ರಿ.”

ಕೊಲ್ಲಾಪುರ, ಬಾಕು, ಪೇಟಿ ಮಾಸ್ತರ, ಕಾಗೆ ಓಡಿಸುವವನು, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಜೊತೆಗೆ ನನ್ನ ಬಿ.ಎ. ಕೂಡ. ಬೋರಗಾಂವದ ಆ ಹುಡುಗಿಯ ಮುಖ ನೋಡಿ ಎಲ್ಲವನ್ನೂ ನುಂಗಿಕೊಂಡೆ.

“ಹೌದವಾ, ದೊಡ್ಡ ಅಣ್ಣ” ಅಂದೆ. “‘ಜೀವ’ ಅನ್ನೂಮುಂದ ಇನ್ನಷ್ಟ ಎಳಿ.”

ಅವಳು ಎಳೆದು ಹಾಡಿದಳು. ಕೂಸು ಮಲಗಿತು.