ದೊಡ್ಡವರಿಗೆ ಪಾಠ ಹೇಳುವ ಬನ್ನಣ್ಣ

ಸೀಟಿ ತಾತ ತೀರಿಕೊಂಡ ಸುದ್ದಿ ಬಂದಾಗ ಬನ್ನಣ್ಣ ಬೇಕರಿಯ ಭಟ್ಟಿಯ ಮುಂದಿದ್ದರು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡಿನ ಅಚ್ಚುಗಳನ್ನು ಹೊರಗೆಳೆಯುತ್ತಿದ್ದಾಗ ಹಾಲು ಹಾಕುವವನು ಹಿಂಬಾಗಿಲಲ್ಲಿ ಕ್ಯಾನು ಇಳಿಸಿ, "ತಾತ ಹೋಗ್ಬಿಟ್ರಂತೆ ಅಣ್ಣ, ನಿದ್ದೇಲೇ" ಎಂದ. ಬನ್ನಣ್ಣ ಭಟ್ಟಿಯತ್ತ ತಿರುಗಿದರು. ಒಳಗೆ ಉಳಿದದ್ದನ್ನೆಲ್ಲ ತೆಗೆದರು, ಬಿಟ್ಟರೆ ಸೀದುಹೋಗುತ್ತಿತ್ತು. ಆಮೇಲೆ ಮೊಣಕೈವರೆಗೆ ಮೆತ್ತಿದ್ದ ಹಿಟ್ಟನ್ನು ತೊಳೆದುಕೊಂಡು ನಡೆದೇ ಹೊರಟರು.

ಸಾವಿನ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಇವರು ಗೇಟಿನೊಳಗೆ ಕಾಲಿಟ್ಟದ್ದೇ ತಡ, ತಾತನ ತಮ್ಮ ಎಲ್ಲರಿಗೂ ಕೇಳುವ ಹಾಗೆ, "ಬಂದ ನೋಡಿ, ಪರೀಕ್ಷೆ ಮಾಡೋಕೆ. ಸತ್ತಿದ್ದಾದ್ರೂ ಸರಿಯಾಗಿದೆಯಾ ಕೇಳಿ ಅವನನ್ನ" ಎಂದರು. ಯಾರೂ ನಗಲಿಲ್ಲ. ತಲೆಯ ಹತ್ತಿರ ಕುಳಿತಿದ್ದ ತಾತನ ಹೆಂಡತಿ ಕತ್ತೆತ್ತಿ, "ನೀವು ಮುಖ ನೋಡ್ಕೊಂಡು ಹೊರಡಿ" ಎಂದಷ್ಟೇ ಹೇಳಿದರು. ಬನ್ನಣ್ಣ ಕೈಮುಗಿದು ಹೊರಗೆ ಬಂದರು. ದೇಹವನ್ನು ಹೊರಡಿಸುವವರೆಗೂ ರಸ್ತೆಯ ಆಚೆ ಬದಿಯಲ್ಲಿ ನಿಂತೇ ಇದ್ದರು.

ಆ ಮಾತಿನ ಹಿಂದೆ ಆರು ತಿಂಗಳ ಹಳೆಯ ನೋವೊಂದಿದೆ. ಅದು ತಿಳಿಯಬೇಕಾದರೆ ಈ ಬನ್ನಣ್ಣ ಯಾರೆಂದು ಮೊದಲು ತಿಳಿಯಬೇಕು.

ವಾರದಲ್ಲಿ ಆರು ದಿನ ಅವರು ಬೇಕರಿಯ ಕೆಲಸಗಾರ. ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದುವುದು, ಭಟ್ಟಿ ಕಾಯಿಸುವುದು, ಶಾಲೆಯ ಗಂಟೆ ಬಾರಿಸುವಷ್ಟರಲ್ಲಿ ಬನ್ನಿನ ಬುಟ್ಟಿಗಳನ್ನು ಅಂಗಡಿಗಳಿಗೆ ಕಳಿಸುವುದು. ಇದು ಹೊಟ್ಟೆಪಾಡು. ರಜೆಯ ದಿನ ಅದೇ ಶಾಲೆಯ ಸಭಾಂಗಣದಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಸ್ಕೌಟ್ ದಳಗಳಲ್ಲಿ ಮಕ್ಕಳ ಜೊತೆ ದುಡಿಯಲು ಮುಂದೆ ಬರುವ ದೊಡ್ಡವರಿಗೆ ತರಬೇತಿ ಕೊಡುತ್ತಾರೆ. ಇದಕ್ಕೆ ಸಂಬಳವಿಲ್ಲ. ಮಕ್ಕಳ ಕೊರಳಿನ ಸ್ಕಾರ್ಫು, ಅವರ ಸೆಲ್ಯೂಟು, ಶಿಬಿರದ ಬೆಂಕಿ, ಇವನ್ನು ನಾವೆಲ್ಲ ನೋಡಿದ್ದೇವೆ. ಆ ಮಕ್ಕಳ ಮುಂದೆ ನಿಲ್ಲುವ ದೊಡ್ಡವರೂ ಕಲಿತು ಬಂದಿರಬೇಕು, ಕಲಿಯದವರ ಕೈಗೆ ಮಕ್ಕಳನ್ನು ಒಪ್ಪಿಸುವುದಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು?

ನಿಯಮಗಳು ಬಿಗಿಯಾಗಿಯೇ ಇವೆ. ಬರುವವರ ನಡತೆಯ ಬಗ್ಗೆ ಪೊಲೀಸರ ವಿಚಾರಣೆ ಆಗಬೇಕು. ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ನೀರಿನ ದಡದಲ್ಲಿ ಮಕ್ಕಳನ್ನು ಕಾಯುವುದು, ಕಾಲುದಾರಿಯಲ್ಲಿ ನಡೆಸುವಾಗ ತಿರುವಿಗೊಮ್ಮೆ ಎಣಿಸುವುದು ಬರಬೇಕು. ಯಾವ ದೊಡ್ಡವರೂ ಮಗುವಿನೊಂದಿಗೆ ಮರೆಯಲ್ಲಿ ಒಬ್ಬರೇ ಇರಕೂಡದು. ತರಬೇತಾದವರು ಇಬ್ಬರಿಲ್ಲದೆ ದಳ ಶಿಬಿರಕ್ಕೆ ಹೊರಡುವಂತಿಲ್ಲ. ಮೂರು ವರ್ಷಕ್ಕೊಮ್ಮೆ ಎಲ್ಲರೂ ಮತ್ತೆ ಬಂದು ಪರೀಕ್ಷೆಗೆ ನಿಲ್ಲಬೇಕು, ತಲೆ ನರೆತವರೂ ಸಹ.

ಬನ್ನಣ್ಣನ ತರಗತಿಯಲ್ಲಿ ದೊಡ್ಡವರೇ ಮಕ್ಕಳಾಗುತ್ತಾರೆ. ಒಬ್ಬರು ದಳದ ನಾಯಕರಾದರೆ ಉಳಿದವರು ಐದನೇ ತರಗತಿಯ ಹುಡುಗ ಹುಡುಗಿಯರು. ಔಷಧಿ ಅಂಗಡಿಯ ಮಾಲೀಕರು ಕಿರುಬೆರಳು ಎತ್ತಿ ನಿಲ್ಲುತ್ತಾರೆ. "ಸಾರ್, ಅರ್ಜೆಂಟು."

"ಜೊತೆಗಾರನ್ನ ಕರ್ಕೊಂಡು ಹೋಗಪ್ಪ."

"ಇವನು ಬರಲ್ಲ ಸಾರ್, ಬ್ಯಾಂಕಿನವನು. ನಾಳೆ ಬಾ ಅಂತಾನೆ."

ನಗು ಮುಗಿಯಲು ಬಿಟ್ಟು ಬನ್ನಣ್ಣ ಪಾಠ ಮುಂದುವರಿಸುತ್ತಾರೆ. ಹೀಗೆ ಆಡಿಸುವುದೇಕೆ ಎಂದು ಕೇಳಿದವರಿಗೆ, "ಓದಿ ಹೇಳಿದ್ರೆ ಎಲ್ರೂ ತಲೆ ಆಡಿಸ್ತಾರೆ ಯಜಮಾನ್ರೇ. ಮಾಡಿಸಿದ್ರೆ ಎಲ್ಲಿ ತಪ್ತಾರೆ ಅಂತ ಅವರಿಗೇ ಗೊತ್ತಾಗುತ್ತೆ. ಒಳ್ಳೇವರೇ ತಪ್ಪೋದು. ಕೆಟ್ಟೋರು ಹುಷಾರಾಗಿರ್ತಾರೆ" ಎನ್ನುತ್ತಾರೆ.

ಇದನ್ನು ಅವರಿಗೆ ಕಲಿಸಿದವರು ಸೀಟಿ ತಾತ. ಅಂಚೆ ಕಚೇರಿಯ ಕೆಲಸ, ಸಂಜೆಯಾದರೆ ಮಕ್ಕಳ ದಳ. ಕೊರಳಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ಆ ಹೆಸರು. ತಂದೆ ಇಲ್ಲದೆ ಬೀದಿ ಸುತ್ತುತ್ತಿದ್ದ ಬನ್ನಣ್ಣನನ್ನು ಎಳೆದು ತಂದು ದಳಕ್ಕೆ ಸೇರಿಸಿದವರು, ಮುಂದೆ ಬೇಕರಿಯಲ್ಲಿ ಕೆಲಸ ಕೊಡಿಸಿದವರು ಅವರೇ. ಅವರ ಮನೆಯ ಅನ್ನದಲ್ಲಿ ಈ ಮನುಷ್ಯನ ಪಾಲೂ ಇತ್ತು.

ತೀರಿಕೊಳ್ಳುವ ಆರು ತಿಂಗಳ ಮೊದಲು ತಾತ ಮರುಪರೀಕ್ಷೆಗೆ ಬಂದರು. ಶಾಲೆಯ ಹಿಂದಿನ ಬಯಲಿನಲ್ಲಿ ಪಂಪ್‌ಹೌಸಿನವರೆಗೆ ದಳವನ್ನು ನಡೆಸಿಕೊಂಡು ಹೋಗಿ ಬರಬೇಕು. ದಾರಿಯಲ್ಲಿ ಬನ್ನಣ್ಣ ಸಾಲಿನಿಂದ ಒಬ್ಬರನ್ನು ಸದ್ದಿಲ್ಲದೆ ಗೋಡೆಯ ಮರೆಗೆ ಎಳೆದುಕೊಂಡರು. ತಾತ ತಿರುವಿನಲ್ಲಿ ನಿಂತು, ಬೆರಳು ಆಡಿಸಿ ಎಣಿಸಿ, "ಎಲ್ಲ ಸರಿ" ಎಂದು ಸೀಟಿ ಊದಿದರು. ತಮ್ಮನ್ನೇ ಬಿಟ್ಟು ಎಣಿಸಿ ಅತ್ತ ದಡ್ಡರ ಕಥೆ ಕೇಳಿ ನಕ್ಕವರು ನಾವು. ತಾತ ತಮ್ಮನ್ನೂ ಸೇರಿಸಿಕೊಂಡು ಎಣಿಸಿದ್ದರು, ಒಬ್ಬರು ಕಡಿಮೆಯಾದದ್ದು ಲೆಕ್ಕದಲ್ಲಿ ಕಾಣಲಿಲ್ಲ. ಬನ್ನಣ್ಣ ಮತ್ತೊಮ್ಮೆ ನಡೆಸಲು ಹೇಳಿದರು. ಮತ್ತೆ ಹಾಗೆಯೇ ಆಯಿತು.

"ಮೂವತ್ತು ವರ್ಷದಲ್ಲಿ ಒಂದು ಮಗು ಕಳ್ಕೊಂಡಿಲ್ಲ ಕಣೋ ನಾನು" ಎಂದರು ತಾತ.

"ಹೌದು ಗುರುಗಳೇ. ಇವತ್ತು ಕಳ್ಕೊಂಡ್ರಿ. ಈ ಸಲ ಆಗಲಿಲ್ಲ."

ತಾತ ಗೇಟಿನತ್ತ ಹೊರಟುಹೋದರು. ಆಮೇಲೆ ಮನೆ ಹಿಡಿದರು. ಉಂಡ ಮನೆಯ ಜಂತಿ ಎಣಿಸಿದವನೆಂದು ಊರು ಬನ್ನಣ್ಣನನ್ನು ಆಡಿಕೊಂಡಿತು. ಕೆಲವರು ಬೇರೆ ಬೇಕರಿಯಿಂದ ಬ್ರೆಡ್ ತರತೊಡಗಿದರು. ತಾತನ ಹೃದಯ ಮೊದಲೇ ಸೋತಿತ್ತು ಎಂದು ವೈದ್ಯರು ಹೇಳಿದರೂ, ಕೊರಗಿ ಹೋದರೆಂಬ ಮಾತೇ ಊರಲ್ಲಿ ಉಳಿಯಿತು. ಬನ್ನಣ್ಣನೂ ಅದನ್ನು ಅಲ್ಲಗಳೆಯುವುದಿಲ್ಲ. "ಕೊರಗಿರ್ತಾರೆ. ಅದು ನನ್ನ ಪಾಲಿನದು. ಆದ್ರೆ ಮಗು ಕೆರೇಲಿ ಹೋಗಿದ್ರೆ ಗುರುಗಳ ಆ ಕೊರಗನ್ನ ಯಾರ ಕೈಲಿ ಹೊರೋಕಾಗ್ತಿತ್ತು?" ಇದನ್ನು ಹೇಳುವಾಗ ಅವರು ನೆಲ ನೋಡುತ್ತಾರೆ.

ತಾತನ ದಳದಲ್ಲಿ ಆಗ ತರಬೇತಾದವರು ಉಳಿದದ್ದು ಒಬ್ಬರೇ, ಗಣಿತದ ಟೀಚರು. ಶಿಬಿರ ಹತ್ತಿರ ಬಂದಿತ್ತು. ಇನ್ನೊಬ್ಬರು ಸಿಗದಿದ್ದರೆ ಮಕ್ಕಳು ಉಳಿಯಬೇಕು. ತಾತ ಹೋಗಿ ತಿಂಗಳಾದ ಮೇಲೆ ನಡೆದ ತರಬೇತಿಗೆ ಕೈಚೀಲ ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕುಳಿತವರು ತಾತನ ಹೆಂಡತಿ. ಅರವತ್ತು ದಾಟಿದ, ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಸಂಸಾರ ತೂಗಿಸಿದ ಹೆಂಗಸು.

"ಅವರ ಮಕ್ಕಳು ಮನೇಲಿ ಉಳಿಯೋದು ಬೇಡ. ನಾನು ಕಲೀತೀನಿ. ನೀವು ಹೇಳ್ಕೊಡಿ" ಎಂದರು.

ಮಧ್ಯಾಹ್ನದವರೆಗೆ ಅವರು ಚೆನ್ನಾಗಿಯೇ ಮಾಡಿದರು. ಗಾಯಕ್ಕೆ ಪಟ್ಟಿ ಕಟ್ಟಿದರು. ಬಯಲಿನಲ್ಲಿ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸಿ, ತಪ್ಪಿಸಿಕೊಂಡವರನ್ನು ಗೋಡೆಯ ಹಿಂದಿನಿಂದ ಕಿವಿ ಹಿಡಿದು ತಂದರು. ಊಟದ ಬಿಡುವಿನಲ್ಲಿ ಬ್ಯಾಂಕಿನ ಗುಮಾಸ್ತರು ಬನ್ನಣ್ಣನ ಕಿವಿಯಲ್ಲಿ, "ಅಣ್ಣ, ಇವರನ್ನ ಹೇಗಾದ್ರೂ ದಾಟಿಸ್ಬಿಡಿ. ಊರ ಬಾಯಿ ಮುಚ್ಚುತ್ತೆ. ನೀವೂ ನಿಶ್ಚಿಂತೆಯಾಗಿ ನಿದ್ದೆ ಮಾಡ್ಬಹುದು" ಎಂದರು. ಬನ್ನಣ್ಣ ತಟ್ಟೆ ತೊಳೆಯಲು ಎದ್ದುಹೋದರು.

ಮಧ್ಯಾಹ್ನದ ಮೇಲೆ ಔಷಧಿ ಅಂಗಡಿಯವರು ಅಳುವ ಮಗುವಾದರು. "ಅಜ್ಜಿ, ನಿಮಗೊಬ್ಬರಿಗೇ ಒಂದು ವಿಷ್ಯ ಹೇಳ್ಬೇಕು." ತಾತನ ಹೆಂಡತಿ ಅವರ ಕೈ ಹಿಡಿದು ನಕಾಶೆಗಳನ್ನಿಡುವ ಪಕ್ಕದ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, "ಸಮಾಧಾನ ಮಾಡಿದೆ" ಎಂದರು.

"ಬಾಗಿಲು ಹಾಕಿದ್ರಿ ಅಮ್ಮ."

"ಅಳೋ ಮಗು. ಎಲ್ಲರೆದುರು ಅಳಿಸ್ಲಾ?"

"ಬೇಡ. ಮಾತು ಯಾರಿಗೂ ಕೇಳಿಸೋದು ಬೇಡ. ಆದ್ರೆ ನೀವಿಬ್ರೂ ಯಾರ ಕಣ್ಣಿಗಾದ್ರೂ ಕಾಣ್ತಿರ್ಬೇಕು."

"ನನ್ನ ಮೇಲೆ ಅನುಮಾನವಾ?"

"ನಿಮ್ಮ ಮೇಲಲ್ಲ. ನಿಮಗೆ ಬಿಟ್ರೆ ನಾಳೆ ಬರೋನಿಗೂ ಬಿಡ್ಬೇಕಾಗುತ್ತೆ. ಅವನು ಎಂಥೋನೋ ನಂಗೆ ಗೊತ್ತಿರಲ್ಲ. ಮಗೂಗೂ ಗೊತ್ತಿರಲ್ಲ." ಬನ್ನಣ್ಣ ಕೊನೆಗೆ ಹೇಳಿದರು. "ಈ ಸಲ ಆಗಲಿಲ್ಲ ಅಮ್ಮ. ಮತ್ತೆ ಬನ್ನಿ."

ಯಾರೋ ಗೊಣಗಿದರು. ಆ ತಾಯಿ ಬೆಂಚಿನ ಮೇಲೆ ಕುಳಿತರು. ಆಮೇಲೆ ಕೇಳಿದರು.

"ಅವರಿಗೂ ಹೀಗೇ ಹೇಳಿದ್ಯಾ?"

"ಇದೇ ಮಾತು."

"ಮತ್ತೆ ಬನ್ನಿ ಅಂತಲೂ?"

"ಅಂದೆ. ಅಷ್ಟೊತ್ತಿಗೆ ಅವರು ಗೇಟು ದಾಟಿದ್ರು. ಹಿಂದೆ ಓಡಿಹೋಗಿ ಹೇಳ್ಬೇಕಿತ್ತು. ಹೋಗಲಿಲ್ಲ."

ಅವರು ಕಣ್ಣೊರೆಸಿಕೊಂಡರು. "ನೀನು ಇವತ್ತು ನನ್ನನ್ನ ಪಾಸು ಮಾಡಿದ್ದಿದ್ರೆ ನಾನು ಈ ಜನ್ಮದಲ್ಲಿ ನಿನ್ನ ಮುಖ ನೋಡ್ತಿರಲಿಲ್ಲ ಕಣೋ. ನಂಗೊಂದು ನ್ಯಾಯ, ಅವರಿಗೊಂದು ನ್ಯಾಯ ಆಗ್ತಿತ್ತು. ಅವರನ್ನ ಬೇಕಂತಲೇ ಬೀಳಿಸಿದ ಅಂತ ಆಗ್ತಿತ್ತು." ಕೈಚೀಲ ಎತ್ತಿಕೊಂಡರು. "ಮುಂದಿನ ವಾರ ಬರ್ತೀನಿ. ನೀನು ಹಸ್ಕೊಂಡು ಬರಬೇಡ, ಮುಖ ಬಾಡಿಹೋಗಿದೆ."

ಶಿಬಿರವನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು. ಮಕ್ಕಳು ಮುನಿಸಿಕೊಂಡರು. ಎರಡನೆಯ ಸಲ ಆ ತಾಯಿ ಅಳುವ ಮಗುವನ್ನು ಮೈದಾನದ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕಾಣುವ ಹಾಗೆ, ಯಾರಿಗೂ ಕೇಳದ ಹಾಗೆ ಮಾತಾಡಿದರು. ಬನ್ನಣ್ಣ "ಆಯ್ತು ಅಮ್ಮ" ಎಂದರು. ತಾತನ ತಮ್ಮ ಮಾತ್ರ ಇಂದಿಗೂ ಬೇಕರಿಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬನ್ನಣ್ಣ ಕೈಯ ಹಿಟ್ಟನ್ನು ಉದುರಿಸುತ್ತ ಯೋಚಿಸುತ್ತಾರೆ. "ನಂಗೂ ವಯಸ್ಸಾಗುತ್ತೆ. ನಾನೂ ತಪ್ಪೋ ದಿನ ಬರುತ್ತೆ. ಅವತ್ತು ದಾಕ್ಷಿಣ್ಯ ನೋಡ್ದೆ ನಂಗೆ 'ಆಗಲಿಲ್ಲ' ಅನ್ನೋ ಒಬ್ಬರು ಎದುರಿಗಿರ್ಬೇಕು. ಹೇಳಿದ್ಮೇಲೆ ಗೇಟಿನ ತನಕ ಹಿಂದೆ ಬಂದು ನನ್ನ ಕೈ ಹಿಡ್ಕೋಬೇಕು. ಎರಡೂ ಗೊತ್ತಿರೋ ಒಬ್ಬರನ್ನ ತಯಾರು ಮಾಡಿ ಹೋದ್ರೆ ಸಾಕು."

ನಾಳೆ ಬೆಳಿಗ್ಗೆ ಮಕ್ಕಳು ಶಿಬಿರಕ್ಕೆ ಹೊರಡುತ್ತಾರೆ. ದೇವರೇ, ಅವರನ್ನು ಕಾಪಾಡು. ಮೂವತ್ತು ವರ್ಷ ನಮ್ಮ ಮಕ್ಕಳನ್ನು ಕ್ಷೇಮವಾಗಿ ಮನೆ ಮುಟ್ಟಿಸಿದ ನಮ್ಮ ಗೆಳೆಯ, ಸೀಟಿ ತಾತ, ಈಗ ನಿನ್ನ ಬಳಿ ಬಂದಿದ್ದಾನೆ. ನೊಂದುಕೊಂಡೇ ಬಂದಿದ್ದಾನೆ. ಆ ನೋವನ್ನು ನಿನ್ನ ಕೈಯಿಂದಲೇ ಒರೆಸು. ಅವನಿಗೆ ಕೇಳಿಸದೆ ಹೋದ 'ಮತ್ತೆ ಬನ್ನಿ' ಎಂಬ ಮಾತನ್ನು ನೀನು ತಿಳಿಸು. ದಣಿದ ಆ ಜೀವಕ್ಕೆ ಶಾಂತಿ ಕೊಡು.